ಎತ್ತರ ಅಳೆಯುವುದು ಎಲ್ಲಿಂದ?

ಮಳೆಗಾಲ ಶುರುವಾದರೆ ಕನ್ನಡ ಪತ್ರಿಕೆಗಳಲ್ಲಿ ದಿನವೂ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ಬರುತ್ತದೆ. ಕಾವೇರಿ ಕಣಿವೆಯ ಸಾಲನ್ನೇ ನೋಡಿ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಅದರ ಜೊತೆಯಲ್ಲೇ ಕಬಿನಿ 2,284 ಅಡಿ, ಹಾರಂಗಿ 2,859 ಅಡಿ, ಹೇಮಾವತಿ 2,922 ಅಡಿ ಎಂದಿರುತ್ತದೆ. ಕೆಆರ್‌ಎಸ್‌ಗಿಂತ ಎಷ್ಟೋ ಚಿಕ್ಕದಾದ ಹಾರಂಗಿ ಅದಕ್ಕಿಂತ ಇಪ್ಪತ್ತು ಪಟ್ಟು ಆಳವಾಗಿರಲು ಸಾಧ್ಯವೇ ಇಲ್ಲ. ವ್ಯತ್ಯಾಸ ಇರುವುದು ನೀರಿನಲ್ಲಲ್ಲ, ಸೊನ್ನೆಯಲ್ಲಿ. ಕೆಆರ್‌ಎಸ್‌ನ ಲೆಕ್ಕ ಆ ಅಣೆಕಟ್ಟೆಗೇ ಸೇರಿದ ಸೊನ್ನೆಯಿಂದ, ಅಂದರೆ ಅಲ್ಲಿನ ನದಿಯ ತಳದಿಂದ ಶುರುವಾಗುತ್ತದೆ. ಉಳಿದ ಮೂರರ ಲೆಕ್ಕ ಶುರುವಾಗುವುದು ಸಮುದ್ರ ಮಟ್ಟದಿಂದ. ಸಮುದ್ರದಿಂದಲೇ ಎಣಿಸಿದ್ದರೆ ಕೆಆರ್‌ಎಸ್‌ನ ಮಟ್ಟವೂ ಎರಡು ಸಾವಿರ ಅಡಿಯನ್ನು ದಾಟುತ್ತಿತ್ತು.

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ನನಗೆ ಯಾವಾಗಲೂ ಕೊರತೆಯಾಗಿ ಕಾಣುವುದು ಈ ಸೊನ್ನೆಯ ಮಾತು. ಪ್ರಪಂಚದ ಅತಿ ಎತ್ತರದ ಶಿಖರ ಯಾವುದು ಎಂದರೆ ಎವರೆಸ್ಟ್. ಎಷ್ಟು ಎತ್ತರ ಎಂದರೆ 8,848 ಮೀಟರ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು 8,848.86 ಎಂದು ದಶಾಂಶವನ್ನೂ ಸೇರಿಸಿ ಹೇಳುತ್ತಾರೆ. ಉತ್ತರ ಸರಿಯಾಗಿದೆ, ಅಂಕವೂ ಸಿಗುತ್ತದೆ. ಆದರೆ ಎಲ್ಲಿಂದ ಅಳೆದರು, ಹೇಗೆ ಅಳೆದರು ಎಂದು ಯಾರೂ ಕೇಳುವುದಿಲ್ಲ. ಸಮುದ್ರ ಮಟ್ಟದಿಂದ ಎಂದು ಹೇಳಿ ಮುಗಿಸುವ ಹಾಗೂ ಇಲ್ಲ. ಎವರೆಸ್ಟಿಗೆ ಸಮುದ್ರ ನೂರಾರು ಕಿಲೋಮೀಟರ್ ದೂರ. ಆ ಸಮುದ್ರವಾದರೂ ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಪರ್ವತದ ಬುಡದಲ್ಲಿ ಇಲ್ಲದ ನೀರಿನ ಮಟ್ಟವನ್ನು ಅಲ್ಲಿಗೆ ಒಯ್ದದ್ದು ಹೇಗೆ ಎಂಬುದು ಇನ್ನೂರು ವರ್ಷಗಳ ಕೆಲಸದ ಕತೆ. ಆ ಕತೆಯ ಮೊದಲ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನ ಬಯಲಿನಲ್ಲಿ.

ಅದಕ್ಕೆ ಮೊದಲು ಸೊನ್ನೆಯನ್ನು ಬದಲಾಯಿಸಿದರೆ ಏನಾಗುತ್ತದೆ ಎಂದು ನೋಡೋಣ. ಭೂಮಿ ಪೂರ್ತಿ ಗುಂಡಗಿಲ್ಲ. ತನ್ನ ಸುತ್ತ ತಾನೇ ತಿರುಗುವುದರಿಂದ ನಡುವಿನಲ್ಲಿ ಉಬ್ಬಿದೆ, ಧ್ರುವಗಳಲ್ಲಿ ತಗ್ಗಿದೆ. ಸಮಭಾಜಕ ವೃತ್ತದಲ್ಲಿ ಭೂಮಿಯ ತ್ರಿಜ್ಯ ಸುಮಾರು 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಈ 21 ಕಿಲೋಮೀಟರಿನ ಅಂತರ ಎವರೆಸ್ಟಿನ ಎತ್ತರದ ಎರಡು ಪಟ್ಟಿಗಿಂತಲೂ ಹೆಚ್ಚು. ಹಾಗಾಗಿ ಭೂಮಿಯ ಕೇಂದ್ರವನ್ನೇ ಸೊನ್ನೆ ಎಂದು ಹಿಡಿದರೆ ಎವರೆಸ್ಟ್ ಮೊದಲ ಸ್ಥಾನ ಕಳೆದುಕೊಳ್ಳುತ್ತದೆ. ಈಕ್ವೆಡಾರ್ ದೇಶದಲ್ಲಿ, ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತೆ ಇರುವ ಚಿಂಬೊರಾಜೊ ಎಂಬ ಜ್ವಾಲಾಮುಖಿ ಶಿಖರ ಸಮುದ್ರದಿಂದ 6,263 ಮೀಟರ್ ಮಾತ್ರ ಎತ್ತರವಿದ್ದರೂ, ಕೇಂದ್ರದಿಂದ ಎಣಿಸಿದರೆ ಎವರೆಸ್ಟಿಗಿಂತ ಸುಮಾರು ಎರಡು ಕಿಲೋಮೀಟರ್ ಹೆಚ್ಚು ದೂರದಲ್ಲಿದೆ. ಬುಡದಿಂದ ತುದಿಯವರೆಗೆ ಲೆಕ್ಕ ಹಾಕಿದರೆ ಹವಾಯಿ ದ್ವೀಪದ ಮೌನಾ ಕೀ ಗೆಲ್ಲುತ್ತದೆ. ಅದು ನೀರಿನ ಮೇಲೆ ಕಾಣುವುದು 4,207 ಮೀಟರ್. ಶಾಂತ ಸಾಗರದ ತಳದಿಂದ ಎಣಿಸಿದರೆ ಒಂಬತ್ತು ಸಾವಿರ ಮೀಟರನ್ನು ಸುಲಭವಾಗಿ ದಾಟುತ್ತದೆ.

ಇವೆಲ್ಲ ಸರಿಯಾದ ಉತ್ತರಗಳೇ. ಆದರೂ ಸಮುದ್ರ ಮಟ್ಟದ ಲೆಕ್ಕವೇ ಹೆಚ್ಚು ಅರ್ಥಪೂರ್ಣ ಎಂದು ನಾನು ನಂಬುತ್ತೇನೆ. ಅದಕ್ಕೆ ಕಾರಣ ನೀರು. ಅಮೆರಿಕದ ಮಿಸಿಸಿಪ್ಪಿ ನದಿ ಉತ್ತರದ ಮಿನ್ನೆಸೊಟಾದಲ್ಲಿ ಹುಟ್ಟಿ ದಕ್ಷಿಣಕ್ಕೆ, ಅಂದರೆ ಭೂಮಿ ಹೆಚ್ಚು ಉಬ್ಬಿರುವ ಕಡೆಗೆ ಹರಿಯುತ್ತದೆ. ಅದರ ಮೂಲಕ್ಕಿಂತ ಸಮುದ್ರ ಸೇರುವ ಜಾಗವೇ ಭೂಮಿಯ ಕೇಂದ್ರದಿಂದ ಹಲವು ಕಿಲೋಮೀಟರ್ ಹೆಚ್ಚು ದೂರದಲ್ಲಿದೆ. ಕೇಂದ್ರದಿಂದ ಅಳೆದ ಎತ್ತರವನ್ನು ನಂಬಿದರೆ ಆ ನದಿ ಹತ್ತಿಕೊಂಡು ಹೋಗುತ್ತಿದೆ ಎನ್ನಬೇಕಾಗುತ್ತದೆ. ನೀರು ಯಾವ ಕಡೆ ಹರಿಯುತ್ತದೆ, ಕಾಲುವೆಗೆ ಎಷ್ಟು ಇಳಿಜಾರು ಕೊಡಬೇಕು, ಅಣೆಕಟ್ಟೆ ತುಂಬಿದರೆ ಯಾವ ಊರು ಮುಳುಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದ್ದು ಸಮುದ್ರ ಮಟ್ಟದ ಎತ್ತರ ಮಾತ್ರ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಚಾರದಲ್ಲಿ ರಾಜ್ಯಗಳ ನಡುವೆ ನಡೆದಿರುವ ವ್ಯಾಜ್ಯ ಎಲ್ಲರಿಗೂ ಗೊತ್ತು. ಆ ಎರಡೂ ಸಂಖ್ಯೆಗಳು ಸಮುದ್ರ ಮಟ್ಟದಿಂದ ಎಣಿಸಿದವು. ಅಂತರ ಐದು ಮೀಟರೂ ಇಲ್ಲ. ಅಷ್ಟರಲ್ಲೇ ಎಷ್ಟೋ ಹಳ್ಳಿಗಳ ಹಣೆಬರಹ ಅಡಗಿದೆ.

ಹಾಗಾದರೆ ಸಮುದ್ರದ ಮಟ್ಟವನ್ನು ಹಿಡಿಯುವುದು ಹೇಗೆ? ದಡದಲ್ಲಿ ಒಂದು ಬಾವಿಯಂಥ ಕೊಳವೆ ಕಟ್ಟಿ, ಅಲೆಗಳ ಅಬ್ಬರ ಒಳಗೆ ಬಾರದಂತೆ ಸಣ್ಣ ಕಂಡಿಯ ಮೂಲಕ ಮಾತ್ರ ನೀರನ್ನು ಬಿಡುತ್ತಾರೆ. ಒಳಗಿನ ನೀರಿನ ಏರಿಳಿತವನ್ನು ಹಗಲೂ ರಾತ್ರಿ, ವರ್ಷಗಟ್ಟಲೆ ಬರೆದಿಟ್ಟು ಸರಾಸರಿ ತೆಗೆಯುತ್ತಾರೆ. ಒಂದೆರಡು ತಿಂಗಳ ಲೆಕ್ಕ ಸಾಲದು. ಮಳೆಗಾಲದ ಗಾಳಿ ನೀರನ್ನು ದಡಕ್ಕೆ ತಳ್ಳುತ್ತದೆ. ಚಂದ್ರನ ಕಕ್ಷೆಯ ಓರೆ ಒಂದು ಸುತ್ತು ಬದಲಾಗಿ ಬರಲು 18.6 ವರ್ಷ ಬೇಕು, ಉಬ್ಬರವಿಳಿತಗಳೂ ಅದರೊಂದಿಗೆ ನಿಧಾನವಾಗಿ ಬದಲಾಗುತ್ತವೆ. ಭಾರತದ ಎತ್ತರಗಳ ಸೊನ್ನೆ 1909ರಲ್ಲಿ ಹೀಗೆ ನಿಗದಿಯಾಯಿತು. ಅದಕ್ಕಾಗಿ ಆರಿಸಿಕೊಂಡ ಬಂದರುಗಳು ಒಂಬತ್ತು: ಕರಾಚಿ, ಮುಂಬೈ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣಂ, ಮದ್ರಾಸ್, ವಿಶಾಖಪಟ್ಟಣ ಮತ್ತು ಒಡಿಶಾದ ಫಾಲ್ಸ್ ಪಾಯಿಂಟ್. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದಲ್ಲ, ಆ ಸಂಖ್ಯೆಯಲ್ಲಿ ಕಾರವಾರದ ಕಡಲಿನ ಪಾಲೂ ಇದೆ. ಕರ್ನಾಟಕದ ಮಕ್ಕಳಿಗೆ ಇದನ್ನು ಪಾಠದಲ್ಲಿ ಹೇಳಿಕೊಡಬೇಕು ಎಂಬುದು ನನ್ನ ಆಸೆ.

ದಡದಲ್ಲಿ ಸಿಕ್ಕ ಸೊನ್ನೆಯನ್ನು ಒಳನಾಡಿಗೆ ಒಯ್ಯುವ ಕೆಲಸ ತಾಳ್ಮೆಯದು. ನಡುವೆ ರಸಮಟ್ಟವಿರುವ ದೂರದರ್ಶಕ, ಅದರ ಹಿಂದೆ ಒಂದು ಅಳತೆಪಟ್ಟಿ, ಮುಂದೆ ಒಂದು ಅಳತೆಪಟ್ಟಿ. ಎರಡರ ಮೇಲೆ ಕಾಣುವ ಅಂಕಿಗಳ ವ್ಯತ್ಯಾಸವೇ ಆ ಎರಡು ಜಾಗಗಳ ಎತ್ತರದ ವ್ಯತ್ಯಾಸ. ಹಿಂದಿನ ಪಟ್ಟಿಯನ್ನು ಕಿತ್ತು ಮುಂದೆ ನೆಡುವುದು, ಮತ್ತೆ ನೋಡುವುದು. ಒಂದು ಸಲಕ್ಕೆ ದಾಟುವುದು ಕೆಲವು ಹತ್ತು ಮೀಟರುಗಳನ್ನು ಮಾತ್ರ. ಹೀಗೆ ದೇಶವನ್ನೆಲ್ಲ ನಡೆದು, ಅಲ್ಲಲ್ಲಿ ಕಲ್ಲಿನ ಮೇಲೆ, ಹಳೆಯ ಸರ್ಕಾರಿ ಕಟ್ಟಡಗಳ, ಚರ್ಚುಗಳ ಮೆಟ್ಟಿಲ ಮೇಲೆ ಗುರುತು ಕೊರೆದು ಹೋದರು. ಜಿಟಿಎಸ್ ಬಿಎಂ (ಗ್ರೇಟ್ ಟ್ರಿಗನೊಮೆಟ್ರಿಕಲ್ ಸರ್ವೆ ಬೆಂಚ್ ಮಾರ್ಕ್) ಎಂದು ಇಂಗ್ಲಿಷಿನಲ್ಲಿ ಕೊರೆದ ಅಂಥ ಕಲ್ಲುಗಳು ಈಗಲೂ ಸಿಗುತ್ತವೆ. ಕಂಡರೆ ದಯವಿಟ್ಟು ಕೀಳಬೇಡಿ.

ಆದರೆ ಅಳತೆಪಟ್ಟಿ ಹಿಡಿದು ಎವರೆಸ್ಟ್ ಹತ್ತುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಆಗದ ಮಾತಾಗಿತ್ತು. ನೇಪಾಳದ ಒಳಗೆ ಕಾಲಿಡಲೂ ಬ್ರಿಟಿಷ್ ಸರ್ವೆಯವರಿಗೆ ಅನುಮತಿ ಇರಲಿಲ್ಲ. ಆಗ ಕೈ ಹಿಡಿದದ್ದು ತ್ರಿಕೋನಮಿತಿ. ಶಾಲೆಯಲ್ಲಿ ಎಲ್ಲರೂ ಕಲಿತು ಮರೆತದ್ದೇ: ತ್ರಿಕೋನದ ಒಂದು ಬಾಹು ಮತ್ತು ಎರಡು ಕೋನಗಳು ಗೊತ್ತಿದ್ದರೆ ಉಳಿದ ಬಾಹುಗಳನ್ನು ಲೆಕ್ಕದಲ್ಲೇ ಪಡೆಯಬಹುದು. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಅತ್ಯಂತ ಜಾಗರೂಕತೆಯಿಂದ ಅಳೆದರೆ ಸಾಕು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ನೋಡುತ್ತಾ, ಒಂದು ತ್ರಿಕೋನದ ಬಾಹುವಿನ ಮೇಲೆ ಇನ್ನೊಂದು ತ್ರಿಕೋನ ಕಟ್ಟುತ್ತಾ ದೇಶದ ಉದ್ದಕ್ಕೂ ಹೋಗಬಹುದು.

ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವನು. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಅಳತೆಗೆ ಅನುಮತಿ ಪಡೆದು, 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಮೊದಲ ಆಧಾರರೇಖೆಯನ್ನು ಅಳೆದ. ಅವನ ಬಳಿ ಇದ್ದದ್ದು ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಬ್ರಿಟಿಷ್ ರಾಯಭಾರಿ ಒಯ್ದ ಕಾಣಿಕೆಗಳಲ್ಲಿ ಸೇರಿದ್ದ ಆ ಸರಪಳಿ ಅಲ್ಲಿ ಬೇಡವೆನಿಸಿಕೊಂಡು, ಕೊನೆಗೆ ಕಲ್ಕತ್ತೆಯಲ್ಲಿ ಲ್ಯಾಂಬ್ಟನ್‌ನ ಕೈ ಸೇರಿತ್ತು. ಬೆಂಗಳೂರಿನ ಕೆಲಸ ಒಂದು ರೀತಿಯಲ್ಲಿ ತಾಲೀಮು. 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮುಖ್ಯ ಆಧಾರರೇಖೆಯ ಅಳತೆ ಶುರುವಾಯಿತು. ಏಳೂವರೆ ಮೈಲಿ ಅಳೆಯಲು 57 ದಿನ ಹಿಡಿಯಿತು.

ಇಷ್ಟು ದಿನ ಏಕೆ ಎಂದರೆ, ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ನೂರು ಅಡಿಯ ಸರಪಳಿ ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಏನು ಮಹಾ ಎನಿಸಬಹುದು. ಏಳೂವರೆ ಮೈಲಿಗೆ ಆ ಸರಪಳಿಯನ್ನು ಸುಮಾರು 400 ಬಾರಿ ಹಾಸಬೇಕು, ತಪ್ಪು ಒಂದೂವರೆ ಮೀಟರಿನ ಹತ್ತಿರ ಬರುತ್ತದೆ. ಅದರ ಮೇಲೆ ಕಟ್ಟುವ ಪ್ರತಿ ತ್ರಿಕೋನಕ್ಕೂ ಆ ತಪ್ಪು ಹರಡುತ್ತದೆ. ಆದ್ದರಿಂದ ಸರಪಳಿಯನ್ನು ನೆಲಕ್ಕೆ ತಾಗದಂತೆ ಮರದ ಉದ್ದನೆಯ ಪೆಟ್ಟಿಗೆಗಳಲ್ಲಿ ಹಾಸಿ, ಮೇಲೆ ಗುಡಾರದ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಸಲವೂ ಉಷ್ಣತೆ ಬರೆದುಕೊಂಡು ಲೆಕ್ಕ ತಿದ್ದುತ್ತಿದ್ದರು. ಮದ್ರಾಸಿನಿಂದ ತ್ರಿಕೋನಗಳ ಸಾಲು ಬೆಂಗಳೂರಿಗೆ ಬಂದು ಮುಟ್ಟಿದಾಗ 1804ರಲ್ಲಿ ಅಲ್ಲಿ ಮತ್ತೊಂದು ಗೆರೆಯನ್ನು ಅಳೆದು ತಾಳೆ ನೋಡಿದರು. ಲೆಕ್ಕದಲ್ಲಿ ಬಂದ ಉದ್ದಕ್ಕೂ ಸರಪಳಿಯಲ್ಲಿ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ಏಳು ಮೈಲಿಗೂ ಹೆಚ್ಚಿನ ದೂರದಲ್ಲಿ ನಾಲ್ಕು ಇಂಚಿಗಿಂತ ಕಡಿಮೆ. ಎರಡು ಶತಮಾನಗಳ ಹಿಂದೆ, ಸರಪಳಿ, ಕಣ್ಣು, ಕಾಗದ ಇಷ್ಟರಿಂದಲೇ ಇದನ್ನು ಸಾಧಿಸಿದ ಜನರ ಬಗ್ಗೆ ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಇದೇ ತ್ರಿಕೋನಗಳ ಸಾಲು ಮುಂದೆ ಮಂಗಳೂರಿನ ಕರಾವಳಿ ತಲುಪಿದಾಗ ಇನ್ನೊಂದು ಸಂಗತಿ ಬಯಲಾಯಿತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಂದಿನ ಭೂಪಟಗಳು ತೋರಿಸುತ್ತಿದ್ದವು. ನಿಜವಾದ ಅಗಲ 360 ಮೈಲಿಯಷ್ಟೇ. ಇಲ್ಲದ 40 ಮೈಲಿ ನೆಲ ಕಾಗದದ ಮೇಲೆ ಅಲ್ಲಿಯವರೆಗೆ ಇತ್ತು.

ಕೋನ ನೋಡುವ ಯಂತ್ರದ ಹೆಸರು ಥಿಯೊಡೊಲೈಟ್. ಲ್ಯಾಂಬ್ಟನ್‌ಗಾಗಿ ಲಂಡನ್ನಿನಿಂದ ಬಂದ ಯಂತ್ರ ಅರ್ಧ ಟನ್ ತೂಕದ್ದು. ಬರುವ ದಾರಿಯಲ್ಲಿ ಫ್ರೆಂಚರು ಹಡಗನ್ನು ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಗೌರವದಿಂದ ಬಿಟ್ಟುಕೊಟ್ಟರು. 1808ರಲ್ಲಿ ಅದನ್ನು ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಗೋಡೆಗೆ ಬಡಿದು ಅದರ ವೃತ್ತವೇ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಗುಡಾರದಲ್ಲಿ ಕುಳಿತು ಅದನ್ನು ತಾನೇ ಸರಿಪಡಿಸಿದ. 1823ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸ ಜಾರ್ಜ್ ಎವರೆಸ್ಟ್‌ನ ಕೈಗೆ, 1843ರಲ್ಲಿ ಅವನು ನಿವೃತ್ತನಾದ ಮೇಲೆ ಆಂಡ್ರ್ಯೂ ವಾ ಎಂಬವನ ಕೈಗೆ ಬಂತು. ಹಿಮಾಲಯದ ಶಿಖರಗಳನ್ನು ಅಳೆದದ್ದು ವಾನ ಕಾಲದಲ್ಲಿ.

1849 ಮತ್ತು 1850ರಲ್ಲಿ ಹಿಮಾಲಯದ ಬುಡದ ತೆರಾಯಿ ಬಯಲಿನ ಆರು ಜಾಗಗಳಿಂದ, ಸುಮಾರು 175 ಕಿಲೋಮೀಟರ್ ದೂರದಿಂದ, ಹದಿನೈದನೆಯ ಶಿಖರ ಎಂದಷ್ಟೇ ಗುರುತು ಹಾಕಿದ್ದ ಒಂದು ಬಿಳಿಯ ತುದಿಯತ್ತ ದೂರದರ್ಶಕ ತಿರುಗಿಸಿ ಕೋನಗಳನ್ನು ಬರೆದುಕೊಂಡರು. ಮಲೇರಿಯಾ ತುಂಬಿದ ಆ ಜೌಗು ಕಾಡುಗಳಲ್ಲಿ ಗೋಪುರ ಕಟ್ಟಿದ, ಯಂತ್ರ ಹೊತ್ತ, ದೀಪ ಹಿಡಿದು ನಿಂತ ಎಷ್ಟೋ ಜನ ಹಿಂದಿರುಗಿ ಬರಲಿಲ್ಲ. ಅವರ ಹೆಸರುಗಳು ಯಾವ ಪ್ರಶ್ನೋತ್ತರ ಪುಸ್ತಕದಲ್ಲೂ ಇಲ್ಲ.

ಆ ಕೋನಗಳಿಂದ ಎತ್ತರ ತೆಗೆಯುವುದು ಎಷ್ಟು ಕಷ್ಟ ಎಂದು ನೋಡಿ. 175 ಕಿಲೋಮೀಟರ್ ದೂರದಲ್ಲಿ ಭೂಮಿ ಬಾಗಿರುವುದರಿಂದಲೇ ಪರ್ವತದ ಸುಮಾರು 2.4 ಕಿ.ಮೀ. ಕೆಳಭಾಗ ಅಡ್ಡಗೆರೆಗಿಂತ ಕೆಳಗೆ ಹೋಗಿಬಿಡುತ್ತದೆ. ಇದನ್ನು ಲೆಕ್ಕಕ್ಕೆ ಕೂಡಬೇಕು. ಬೆಳಕು ದಟ್ಟವಾದ ಗಾಳಿಯಲ್ಲಿ ಹಾದು ಬರುವಾಗ ಬಾಗುವುದರಿಂದ ಶಿಖರ ಇರುವುದಕ್ಕಿಂತ ಕೆಲವು ನೂರು ಮೀಟರ್ ಮೇಲೆ ಕಾಣುತ್ತದೆ. ಇದನ್ನು ಕಳೆಯಬೇಕು. ಈ ಬಾಗು ಬೆಳಗ್ಗೆ ಒಂದು ತೆರ, ಮಧ್ಯಾಹ್ನ ಇನ್ನೊಂದು ತೆರ. ಇನ್ನು ಕೋನದಲ್ಲಿ ಒಂದು ಡಿಗ್ರಿಯ 3,600ನೆಯ ಒಂದು ಭಾಗದಷ್ಟು, ಅಂದರೆ ಒಂದು ಸೆಕೆಂಡು ತಪ್ಪಿದರೂ ಶಿಖರದ ತುದಿಯಲ್ಲಿ ಸುಮಾರು 85 ಸೆಂಟಿಮೀಟರ್ ತಪ್ಪುತ್ತದೆ. ಆರು ಜಾಗಗಳಿಂದ ಬಂದ ಎತ್ತರಗಳು 28,990 ಅಡಿಯಿಂದ 29,026 ಅಡಿಯವರೆಗೆ ಹರಡಿದ್ದವು. ಸರಾಸರಿ 29,002 ಅಡಿ. ಈ ಲೆಕ್ಕದ ಹಿಂದಿದ್ದ ಮುಖ್ಯ ಗಣಿತಜ್ಞ ಕೋಲ್ಕತ್ತದ ರಾಧಾನಾಥ ಸಿಕ್ದಾರ್. 1813ರಲ್ಲಿ ಹುಟ್ಟಿ, ಹದಿಹರೆಯ ಮುಗಿಯುವ ಮೊದಲೇ ಸರ್ವೆ ಇಲಾಖೆ ಸೇರಿದವರು. ಸಾಮಾನ್ಯವಾಗಿ ಹೇಳುವಂತೆ ಇದು 1852ರ ಮಾತು. ವಾ ಅದನ್ನು ಬಹಿರಂಗಪಡಿಸಿದ್ದು 1856ರಲ್ಲಿ. ನಾಲ್ಕು ವರ್ಷ ಪರಿಶೀಲಿಸಿ, ತಿದ್ದಿ, ಖಚಿತವಾದ ಮೇಲೆ. ಸರಾಸರಿ ಸರಿಯಾಗಿ 29,000 ಬಂದಿತ್ತು, ಅಂದಾಜು ಎಂದು ಜನ ತಿಳಿದಾರು ಎಂದು ಎರಡು ಅಡಿ ಸೇರಿಸಿದರು ಎಂಬ ಕತೆಯೊಂದು ಬಹಳ ಓಡಾಡುತ್ತದೆ. ಆರು ಅಳತೆಗಳನ್ನು ಕೂಡಿ ಆರರಿಂದ ಭಾಗಿಸಿದರೆ 29,002 ನೇರವಾಗಿ ಬರುವುದರಿಂದ ಆ ಕತೆಗೆ ನಾನು ಬೆಲೆ ಕೊಡುವುದಿಲ್ಲ. ಇಂದಿನ ಎತ್ತರ ಅಡಿಗಳಲ್ಲಿ 29,032ರ ಹತ್ತಿರ. ಅಂದಿನವರ ತಪ್ಪು ಸುಮಾರು ಒಂಬತ್ತು ಮೀಟರ್. ಹೆಚ್ಚೂ ಕಡಿಮೆ ಸಾವಿರದಲ್ಲಿ ಒಂದು ಪಾಲು.

ಈ ಅಳತೆಗಳ ನಡುವೆ ಒಂದು ತೊಡಕು ತಲೆ ಎತ್ತಿತು. ನನಗೆ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗವೂ ಇದೇ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರೆ. ಸರ್ವೆಯವರಿಗೂ ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳುವುದು ಅದೇ ತೂಗುಗುಂಡು ಮತ್ತು ರಸಮಟ್ಟ. ಆದರೆ ಪಕ್ಕದಲ್ಲಿ ಹಿಮಾಲಯದಂಥ ಪರ್ವತರಾಶಿ ಇದ್ದರೆ ಅದರ ಗುರುತ್ವ ಗುಂಡನ್ನು ತನ್ನ ಕಡೆಗೆ ಸ್ವಲ್ಪ ಎಳೆಯುತ್ತದೆ. ದಾರ ಓರೆಯಾಗುತ್ತದೆ. ರಸಮಟ್ಟವೂ ಅದೇ ಓರೆಗೆ ಒಪ್ಪಿಗೆ ಕೊಡುತ್ತದೆ. ಆದ್ದರಿಂದ ಯಂತ್ರದಲ್ಲಿ ನೋಡಿ ಈ ತಪ್ಪನ್ನು ಹಿಡಿಯಲು ಬರುವುದಿಲ್ಲ. ಉತ್ತರ ಪ್ರದೇಶದ ಕಲಿಯಾನಾ ಮತ್ತು ಮಧ್ಯ ಭಾರತದ ಕಲಿಯಾನ್‌ಪುರ ಎಂಬ ಎರಡು ಠಾಣೆಗಳ ನಡುವಿನ ಅಂತರವನ್ನು ತ್ರಿಕೋನಗಳಿಂದಲೂ ನಕ್ಷತ್ರಗಳಿಂದಲೂ ಲೆಕ್ಕ ಹಾಕಿದಾಗ ಐದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಿನ ಕೋನದ ವ್ಯತ್ಯಾಸ ಬಂತು. ನೆಲದ ಮೇಲೆ ಅದು ಸುಮಾರು 160 ಮೀಟರ್. ಸರಪಳಿಯ ಇಂಚುಗಳನ್ನು ಬಿಡದೆ ಅಳೆದವರಿಗೆ ಇದು ಸಹಿಸಲಾಗದ ತಪ್ಪು.

ಕಲ್ಕತ್ತೆಯಲ್ಲಿ ಪಾದ್ರಿಯಾಗಿದ್ದ ಜಾನ್ ಹೆನ್ರಿ ಪ್ರಾಟ್ ಗಣಿತದಲ್ಲಿ ನಿಪುಣ. ಹಿಮಾಲಯದ ರಾಶಿಯನ್ನು ಅಂದಾಜು ಮಾಡಿ, ಅದು ತೂಗುಗುಂಡನ್ನು ಎಷ್ಟು ಎಳೆಯಬೇಕು ಎಂದು ಲೆಕ್ಕ ಹಾಕಿದ. ಬಂದ ಉತ್ತರ ಸುಮಾರು ಹದಿನಾರು ಸೆಕೆಂಡು. ನಿಜವಾಗಿ ಕಂಡದ್ದರ ಮೂರು ಪಟ್ಟು! ಅಷ್ಟು ದೊಡ್ಡ ಪರ್ವತ ಎಳೆಯಬೇಕಾದಷ್ಟು ಎಳೆಯುತ್ತಿಲ್ಲ. ಇದಕ್ಕೂ ನೂರು ವರ್ಷ ಮೊದಲು ಫ್ರಾನ್ಸಿನ ಪಿಯೆರ್ ಬೂಗೆ ಚಿಂಬೊರಾಜೊ ಪರ್ವತದ ಪಕ್ಕದಲ್ಲಿ ಇದೇ ಪರೀಕ್ಷೆ ಮಾಡಿ, ಅದರ ಸೆಳೆತವೂ ನಿರೀಕ್ಷೆಗಿಂತ ಬಹಳ ಕಡಿಮೆ ಎಂದು ಬರೆದಿಟ್ಟಿದ್ದ. 1855ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಉತ್ತರ ಸೂಚಿಸಿದ. ಭೂಮಿಯ ಮೇಲಿನ ಪದರ ಕೆಳಗಿನ ಹೆಚ್ಚು ಸಾಂದ್ರವಾದ ಪದರದ ಮೇಲೆ ತೇಲುತ್ತಿದೆ ಎಂದು ಹೇಳಿ ಅವನು ನೀರಿನಲ್ಲಿ ತೇಲುವ ಮರದ ದಿಮ್ಮಿಗಳ ಹೋಲಿಕೆ ಕೊಟ್ಟ. ಅಕ್ಕಪಕ್ಕದ ದಿಮ್ಮಿಗಳಿಗಿಂತ ಒಂದು ಮೇಲೆ ಎದ್ದು ಕಾಣುತ್ತಿದ್ದರೆ, ಅದು ನೀರಿನ ಒಳಗೂ ಅದಕ್ಕೆ ತಕ್ಕಂತೆ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಅಂದರೆ ಪರ್ವತಗಳಿಗೆ ಬೇರುಗಳಿವೆ. ಭಾರವಾದ ಶಿಲೆ ಇರಬೇಕಾದ ಆಳದಲ್ಲಿ ಹಗುರವಾದ ಬೇರು ತುಂಬಿಕೊಂಡಿರುವುದರಿಂದ ಒಟ್ಟು ಸೆಳೆತ ಕಡಿಮೆ. ಪ್ರಾಟ್ ಸಾಂದ್ರತೆಯ ವ್ಯತ್ಯಾಸದ ಮೇಲೆ ನಿಂತ ತನ್ನದೇ ಇನ್ನೊಂದು ವಿವರಣೆ ಕೊಟ್ಟ. ಇಂದಿನ ಭೂವಿಜ್ಞಾನ ಇಬ್ಬರ ವಿಚಾರವನ್ನೂ ಬಳಸುತ್ತದೆ. ಭೂಮಿಯ ಒಳಗೆ ಏನಿದೆ ಎಂಬ ಈ ದೊಡ್ಡ ತಿಳಿವಳಿಕೆ ಹುಟ್ಟಿದ್ದು ಭಾರತದ ಎರಡು ಊರುಗಳ ಅಂತರ ಹೊಂದಲಿಲ್ಲ ಎಂಬ ಕಾರಣಕ್ಕೆ.

ತೂಗುಗುಂಡನ್ನು ಎಳೆಯುವ ಗುರುತ್ವ ನೀರನ್ನೂ ಎಳೆಯುತ್ತದೆ. ಅಲೆ, ಉಬ್ಬರ, ಗಾಳಿ ಎಲ್ಲವನ್ನೂ ನಿಲ್ಲಿಸಿದರೂ ಸಮುದ್ರದ ಮೇಲ್ಮೈ ನುಣುಪಾಗಿರುವುದಿಲ್ಲ. ಕೆಳಗೆ ಹೆಚ್ಚು ರಾಶಿ ಇರುವ ಕಡೆ ನೀರು ಉಬ್ಬುತ್ತದೆ, ಕಡಿಮೆ ಇರುವ ಕಡೆ ತಗ್ಗುತ್ತದೆ. ನೀರಿನ ಈ ಸಮತೋಲದ ಮೇಲ್ಮೈಯನ್ನು ಭೂಖಂಡಗಳ ಕೆಳಗೂ ಮುಂದುವರಿಸಿ ಕಲ್ಪಿಸಿಕೊಳ್ಳಿ. ಸಮುದ್ರದಿಂದ ಎವರೆಸ್ಟಿನ ಬುಡದವರೆಗೆ ಕಾಲುವೆ ತೋಡಿದರೆ ಅದರಲ್ಲಿ ನೀರು ಎಲ್ಲಿಗೆ ನಿಲ್ಲುತ್ತಿತ್ತೋ ಆ ಮಟ್ಟ. ಇದಕ್ಕೆ ಭೂವಿಜ್ಞಾನಿಗಳು ಜಿಯಾಯ್ಡ್ ಎನ್ನುತ್ತಾರೆ. ಪರ್ವತದ ಕೆಳಗೆ ಸಮುದ್ರ ಮಟ್ಟ ಎಂದಾಗ ಇರುವುದು ಈ ಕಲ್ಪಿತ ಮೇಲ್ಮೈ.

ಪ್ರಪಂಚದಲ್ಲಿ ಈ ಮೇಲ್ಮೈ ಅತ್ಯಂತ ಆಳಕ್ಕೆ ತಗ್ಗಿರುವುದು ನಮ್ಮ ಪಕ್ಕದಲ್ಲೇ, ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರ ಭೂಮಿಯ ಸರಾಸರಿ ಆಕಾರಕ್ಕಿಂತ ನೂರು ಮೀಟರಿಗೂ ಹೆಚ್ಚು, ಸುಮಾರು 106 ಮೀಟರ್ ಕೆಳಗಿದೆ. ಹಡಗಿನಲ್ಲಿ ಹೋಗುವವರಿಗೆ ಇಳಿಜಾರು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಗುರುತ್ವದ ದಿಕ್ಕೇ ಹಾಗಿದೆ. ಈ ತಗ್ಗಿಗೆ ಕಾರಣವೇನೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಳೆದ 14 ಕೋಟಿ ವರ್ಷಗಳ ಭೂಚಲನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಭಾರತ ಉತ್ತರಕ್ಕೆ ಸರಿಯುವಾಗ ಮುಚ್ಚಿಹೋದ ಟೆಥಿಸ್ ಸಾಗರದ ತಳ ಭೂಮಿಯ ಆಳಕ್ಕೆ ಮುಳುಗಿ, ಆಫ್ರಿಕದ ಕೆಳಗಿನ ಬಿಸಿ ರಾಶಿಯನ್ನು ಕದಡಿತು. ಅದರಿಂದ ಎದ್ದ ಬಿಸಿಯಾದ, ಹಗುರವಾದ ಶಿಲಾದ್ರವ್ಯ ಹಿಂದೂ ಮಹಾಸಾಗರದ ಕೆಳಗೆ ಸೇರಿ ಅಲ್ಲಿನ ಸೆಳೆತವನ್ನು ಕುಗ್ಗಿಸಿತು.

ಈ ತಗ್ಗಿನ ಅಂಚು ಕರ್ನಾಟಕದ ಕೆಳಗೂ ಚಾಚಿದೆ. ಜಿಪಿಎಸ್ ಉಪಗ್ರಹಗಳು ಎತ್ತರವನ್ನು ಸಮುದ್ರದಿಂದ ಎಣಿಸುವುದಿಲ್ಲ, ಗಣಿತದ ಒಂದು ನುಣುಪಾದ ದೀರ್ಘಗೋಳದಿಂದ ಎಣಿಸುತ್ತವೆ. ಆದ್ದರಿಂದ ಬೆಂಗಳೂರಿನಲ್ಲಿ ಜಿಪಿಎಸ್ ನೇರವಾಗಿ ಕೊಡುವ ಎತ್ತರ ಸಮುದ್ರ ಮಟ್ಟದ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ತಗ್ಗಿರುತ್ತದೆ. ಕೆಲವು ಮೊಬೈಲ್ ಆ್ಯಪ್‌ಗಳು ಈ ವ್ಯತ್ಯಾಸವನ್ನು ತಾವೇ ತಿದ್ದಿ ತೋರಿಸುತ್ತವೆ, ಕೆಲವು ತಿದ್ದುವುದಿಲ್ಲ. ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು ಇಬ್ಬರು ಗೆಳೆಯರ ಮೊಬೈಲುಗಳು ಬೇರೆ ಬೇರೆ ಎತ್ತರ ತೋರಿಸಿದರೆ ಯಾವುದೋ ಒಂದು ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಎರಡರ ಸೊನ್ನೆ ಬೇರೆ ಬೇರೆ ಇರಬಹುದು.

ಎವರೆಸ್ಟಿನ ಈಚಿನ ಅಳತೆಗಳ ಜಗಳವೂ ಇಂಥದ್ದೇ. 8,848 ಮೀಟರ್ ಎಂಬುದು 1950ರ ದಶಕದ ನಡುವಿನಲ್ಲಿ ಸರ್ವೆ ಆಫ್ ಇಂಡಿಯಾ ಕೊಟ್ಟ ಎತ್ತರ. ನೇಪಾಳದ ಒಳಗಿನಿಂದಲೇ, ಶಿಖರಕ್ಕೆ ಹತ್ತಿರದ ಠಾಣೆಗಳಿಂದ ನೋಡಿ, ತೂಗುಗುಂಡಿನ ಓರೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಅಳತೆ ಅದು. 1999ರಲ್ಲಿ ಅಮೆರಿಕದ ತಂಡವೊಂದು ಜಿಪಿಎಸ್ ಬಳಸಿ 8,850 ಎಂದಿತು. 2005ರಲ್ಲಿ ಚೀನಾ 8,844.43 ಎಂದಿತು. ಪರ್ವತ ಕುಗ್ಗಿರಲಿಲ್ಲ. ಚೀನಾ ಎಣಿಸಿದ್ದು ಹಿಮದ ಕೆಳಗಿನ ಬಂಡೆಯವರೆಗೆ, ಉಳಿದವರು ಎಣಿಸಿದ್ದು ಮೇಲಿನ ಹಿಮವನ್ನೂ ಸೇರಿಸಿ. ಹಾಗೆ ನೋಡಿದರೆ ಎತ್ತರಕ್ಕೆ ಕೆಳಗಿನ ಸೊನ್ನೆ ಎಷ್ಟು ಮುಖ್ಯವೋ ಮೇಲಿನ ತುದಿ ಯಾವುದು ಎಂಬ ಒಪ್ಪಂದವೂ ಅಷ್ಟೇ ಮುಖ್ಯ.

2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ದೊಡ್ಡ ಭೂಕಂಪವಾದ ಮೇಲೆ ಶಿಖರದ ಎತ್ತರ ಬದಲಾಗಿದೆಯೇ ಎಂಬ ಪ್ರಶ್ನೆ ಎದ್ದಿತು. ನೇಪಾಳ ಮೊದಲ ಬಾರಿಗೆ ತಾನೇ ಅಳೆಯಲು ಹೊರಟಿತು. ತೆರಾಯಿಯಿಂದ ಮೇಲಕ್ಕೆ ಮಟ್ಟ ನೋಡುತ್ತಾ ಬಂದರು, ನೂರಾರು ಜಾಗಗಳಲ್ಲಿ ಗುರುತ್ವ ಅಳೆದು ತಮ್ಮ ನೆಲದ ಜಿಯಾಯ್ಡ್ ರೂಪಿಸಿಕೊಂಡರು. 2019ರ ಮೇ 22ರಂದು ನಸುಕಿನ ಮೂರು ಗಂಟೆಗೆ, ಆರೋಹಿಗಳ ಸಾಲು ಬರುವ ಮೊದಲೇ, ಅವರ ಸರ್ವೆಯರುಗಳು ತುದಿ ತಲುಪಿದರು. ಆ ಚಳಿಯಲ್ಲಿ, ಕತ್ತಲಲ್ಲಿ ಉಪಗ್ರಹ ಸಂಕೇತ ಹಿಡಿಯುವ ಉಪಕರಣವನ್ನು ನಿಲ್ಲಿಸಿ, ರಾಡಾರಿನಿಂದ ಹಿಮದ ದಪ್ಪ ನೋಡಿದರು. ಮರುವರ್ಷ ಮೇ 27ರಂದು ಚೀನಾದ ತಂಡ ಉತ್ತರದ ಕಡೆಯಿಂದ ಹತ್ತಿ ಅಳೆಯಿತು. ಎರಡೂ ದೇಶಗಳು ಕೂತು ಲೆಕ್ಕ ಹೊಂದಿಸಿ, 2020ರ ಡಿಸೆಂಬರ್ 8ರಂದು ಒಟ್ಟಾಗಿ 8,848.86 ಮೀಟರ್ ಎಂದು ಘೋಷಿಸಿದವು. ಹಿಮವನ್ನೂ ಸೇರಿಸಿದ ಎತ್ತರ ಇದು. ಆ ಹಿಮದ ದಪ್ಪ ಗಾಳಿ, ಮಳೆಗಾಲಗಳ ಜೊತೆ ಬದಲಾಗುತ್ತಿರುತ್ತದೆ. ಕೆಳಗಿನ ಬಂಡೆಯನ್ನು ಭಾರತದ ಭೂಫಲಕ ಈಗಲೂ ಒತ್ತುತ್ತಲೇ ಇದ್ದು, ಅದು ವರ್ಷಕ್ಕೆ ಕೆಲವು ಮಿಲಿಮೀಟರ್ ಮೇಲೇಳುತ್ತಿದೆ. ಉತ್ತರಪತ್ರಿಕೆಯಲ್ಲಿ ಬರೆಯುವ ಆ ಸಂಖ್ಯೆ 2019 ಮತ್ತು 2020ರ ಮೇ ತಿಂಗಳುಗಳಲ್ಲಿ ಅಳೆದದ್ದು.